ಮೂಗಯ್ಯ ನಿಲ್ಲದೆ ಹೋದ ಜಾಗ

ನಮ್ಮ ಊರಿನಲ್ಲಿ ಮುಳುಗುಗಾರರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಒಳಗೆ ಕಾಲಿಟ್ಟರೆ ಅಲ್ಲೊಂದು ಇಲ್ಲೊಂದು ಸಾಮಾನಿಗೆ ಕೆಂಪು ದಾರ ಕಟ್ಟಿರುತ್ತದೆ. ನಮ್ಮ ಮನೆಯಲ್ಲಿ ಕನ್ನಡಿಗೆ ಕಟ್ಟಿತ್ತು, ಕಾಯಿ ತುರಿಯುವ ಮಣೆಗೆ ಕಟ್ಟಿತ್ತು, ಹಿತ್ತಿಲಿನ ಪಪ್ಪಾಯಿ ಗಿಡದ ಸೊಂಟಕ್ಕೂ ಕಟ್ಟಿತ್ತು. ಅವೆಲ್ಲ ಅಪ್ಪ ನೀರಿನ ಕೆಳಗೆ ಬಿಟ್ಟು ಬಂದ ಮಾತುಗಳು. ನಮ್ಮ ಕಡಲಿನ ಆಳಕ್ಕೆ ಒಂದು ಸಲ ಇಳಿದು ಬಂದರೆ ಒಂದು ಮಾತು ಹೋಗುತ್ತದೆ. ಯಾವ ಮಾತು ಎಂದು ಇಳಿಯುವವನು ಆರಿಸುವ ಹಾಗಿಲ್ಲ. ಮಾತು ಹೋದ ಮೇಲೆ ಆ ವಸ್ತುವೂ ಮೆಲ್ಲಗೆ ಮಸುಕಾಗುತ್ತದೆ. ಎದುರಿಗೇ ಇದ್ದರೂ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಅಪ್ಪ ಕನ್ನಡಿಯ ಮುಂದೆ ನಿಂತರೆ ಬರಿಯ ಗೋಡೆಯ ಮುಂದೆ ನಿಂತ ಹಾಗಿರುತ್ತಿತ್ತು. ಅವನ ಗಡ್ಡವನ್ನು ಅಮ್ಮನೇ ಹೆರೆಯುತ್ತಿದ್ದಳು.

ಅಪ್ಪನಿಗೆ ಕೊಡೆ ಗೊತ್ತಿತ್ತು, ಮಳೆ ಗೊತ್ತಿರಲಿಲ್ಲ. ಹೊರಡುವಾಗ ಅಮ್ಮ ಕೊಡೆ ಕೊಟ್ಟರೆ ತೆಗೆದುಕೊಂಡು ಹೋಗುತ್ತಿದ್ದ. ಮಳೆ ಸುರಿದರೆ ಅದನ್ನು ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡು ತೊಯ್ದು ತೊಪ್ಪೆಯಾಗಿ ಬರುತ್ತಿದ್ದ. ದಾರಿಯಲ್ಲಿ ಕಂಡವರು "ಮಾಸ್ತಪ್ಪಣ್ಣಾ, ಮಳೆ ಮಳೆ, ಕೊಡೆ ಬಿಡಿಸು" ಎಂದು ಕೂಗುತ್ತಿದ್ದರು. ಹೀಗೆ ಒಬ್ಬರ ಕಳೆದ ಮಾತನ್ನು ಇನ್ನೊಬ್ಬರು ಹೇಳಿಕೊಡುವುದಕ್ಕೆ ನಮ್ಮಲ್ಲಿ ಬಾಯಿ ಕೊಡುವುದು ಎನ್ನುತ್ತಾರೆ. ಬಾಗಿಲಿನ ಮಾತು ಹೋದ ಇನಾಸಣ್ಣ ತನ್ನದೇ ಮನೆಯ ಅಂಗಳದಲ್ಲಿ ಅರ್ಧ ದಿನ ನಿಂತಿದ್ದನಂತೆ. ಅವನ ಹೆಂಡತಿ ಮರುದಿನ ಬಾಗಿಲನ್ನೇ ಕಳಚಿಸಿ ಅಲ್ಲೊಂದು ಹೂವಿನ ಪರದೆ ತೂಗುಹಾಕಿದಳು. ಪರದೆ ಅವನಿಗೆ ಗೊತ್ತಿತ್ತು, ಸರಿಸಿ ಒಳಗೆ ಹೋದ. ಪುಟ್ಟಯ್ಯನಿಗೆ ಸೋಮವಾರ ಹೋಗಿತ್ತು. ಭಾನುವಾರ ಮಲಗಿದವನು ಮಂಗಳವಾರವೇ ಏಳುತ್ತಾನೆ ಎಂದು ಊರು ನಗುತ್ತಿತ್ತು. "ನಿಂಗೆ ಆಯುಷ್ಯವೇ ಒಂದು ಪಾಲು ಕಮ್ಮಿ ಆಯ್ತಲ್ಲ" ಎಂದರೆ ಅವನು "ಕಮ್ಮಿ ಆದದ್ದು ಆಯುಷ್ಯ ಅಲ್ಲ ಮಾರಾಯ, ಹೆಂಡ್ತಿಯ ಬೈಗುಳ" ಎನ್ನುತ್ತಿದ್ದ.

ಇವರೆಲ್ಲ ಇಳಿದದ್ದು ಎಣ್ಣೆಕಟ್ಟೆಯ ಕಾಲು ನೋಡಲು. ದಡದಲ್ಲಿ ನಿಂತರೆ ದೂರದ ನೀರಿನ ಗೆರೆಯ ಮೇಲೆ ಅದು ಕುರ್ಚಿಯೊಂದನ್ನು ಮರೆತು ಬಿಟ್ಟು ಹೋದ ಹಾಗೆ ಕಾಣುತ್ತದೆ. ನೀರಿನ ಮೇಲೆ ಕಬ್ಬಿಣದ ಒಂದು ಊರು, ನೀರಿನೊಳಗೆ ಅದನ್ನು ಹೊತ್ತ ಕಬ್ಬಿಣದ ಕಾಲುಗಳು. ಮೇಲಿನವರು ನೆಲದಡಿಯ ಎಣ್ಣೆ ಮತ್ತು ಅನಿಲವನ್ನು ಎಳೆದು ಕೊಳವೆಗೆ ಕೊಡುತ್ತಿದ್ದರು. ಕೆಳಗೆ ಉಪ್ಪುನೀರು ಕಾಲುಗಳನ್ನು ದಿನವೂ ಅಷ್ಟಷ್ಟೇ ತಿನ್ನುತ್ತಿತ್ತು. ಎಲ್ಲಿ ತಿಂದಿದೆ, ಎಷ್ಟು ತಿಂದಿದೆ ಎಂದು ಯಾರಾದರೂ ಹೋಗಿ ನೋಡಲೇಬೇಕಿತ್ತು. ನಮ್ಮ ಊರಿನವರು ಹೋಗಿ ನೋಡುತ್ತಿದ್ದರು. ಬಂದು ಹೇಳುತ್ತಿದ್ದರು. ಹೇಳಲು ಉಳಿದ ಮಾತುಗಳು ವರ್ಷ ವರ್ಷ ಕಡಿಮೆಯಾಗುತ್ತಿದ್ದವು.

ನಾನು ದೂರದ ಶಹರದಲ್ಲಿ ಭೂವಿಜ್ಞಾನ ಓದಿ ಊರಿಗೆ ಬರುವ ಹೊತ್ತಿಗೆ ಕಂಪನಿಯವರು ಆ ಯಂತ್ರವನ್ನು ತಂದಿದ್ದರು. ಹಳದಿ ಬಣ್ಣ, ಮೊಂಡ ಮೂಗು, ಆಳೆತ್ತರದಷ್ಟು ಉದ್ದ. ಅದಕ್ಕೆ ಹಗ್ಗವಿಲ್ಲ, ತಂತಿಯಿಲ್ಲ, ಮೇಲಿನಿಂದ ನಡೆಸುವವರಿಲ್ಲ. ದೋಣಿಯಿಂದ ನೀರಿಗೆ ಬಿಟ್ಟರೆ ತಾನೇ ಇಳಿದು, ಕಾಲುಗಳ ಸುತ್ತ ತಾನೇ ಸುತ್ತಿ, ಎಲ್ಲಿ ನಿಲ್ಲಬೇಕು, ಯಾವುದಕ್ಕೆ ದೀಪ ಹಿಡಿಯಬೇಕು ಎಂದು ತಾನೇ ನಿರ್ಧರಿಸಿ, ಕಂಡದ್ದನ್ನು ಚಿತ್ರ ಹಿಡಿದು, ಪಕ್ಕದಲ್ಲಿ ಅದರ ಹೆಸರು ಬರೆದು, ಹೊತ್ತಿಗೆ ಸರಿಯಾಗಿ ಮೇಲೆ ಬರುತ್ತಿತ್ತು. ಅದನ್ನು ಮೊದಲ ಸಲ ನೀರಿಗೆ ಬಿಟ್ಟ ದಿನ ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಮುಳುಗುಗಾರರ ಹೆಂಡತಿಯರೆಲ್ಲ ಸೇರಿದ್ದರು. "ಇದಕ್ಕೆ ಮಾತೇ ಇಲ್ಲ, ಎಂತ ಕಳ್ಕೊಳ್ತದೆ?" ಎಂದು ಇನಾಸಣ್ಣನ ಹೆಂಡತಿ ಅದರ ಹಣೆಗೆ ಅರಿಶಿನದ ನೀರು ಚಿಮುಕಿಸಿದಳು. ಅಂದಿನಿಂದ ಅದಕ್ಕೆ ಮೂಗಯ್ಯ ಎಂದು ಹೆಸರಾಯಿತು. ಅಪ್ಪ ಕಾಲಿಗೆ ಕಟ್ಟುವ ಸೀಸದ ಗುಂಡುಗಳನ್ನು ಅಟ್ಟಕ್ಕೆ ಹಾಕಿದ. ಅಮ್ಮ, ಗುಲಾಬಿ ಅವಳ ಹೆಸರು, ಬಹಳ ದಿನಗಳ ಮೇಲೆ ಅವನ ಎದುರು ಜೋರಾಗಿ ನಕ್ಕದ್ದನ್ನು ನೋಡಿದೆ.

ನನಗೆ ಕಂಪನಿಯ ದಡದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೂಗಯ್ಯ ತಂದ ಚಿತ್ರಗಳನ್ನು ಪರದೆಯ ಮೇಲೆ ನೋಡುವುದೇ ಕೆಲಸ. ಚಿತ್ರದಲ್ಲಿ ಸದ್ದಿರಲಿಲ್ಲ. ಹಸಿರು ಕತ್ತಲೆ, ಅದರೊಳಗೆ ಒಂದು ದೀಪ, ದೀಪದೊಳಗೆ ಸರಿದು ಹೋಗುವ ಕಬ್ಬಿಣ. ಮೂಲೆಯಲ್ಲಿ ಆಗಾಗ ಒಂದು ಮಾತು ಮೂಡುತ್ತಿತ್ತು: ತುಕ್ಕು. ಚಿಪ್ಪು. ಬಲೆಯ ತುಂಡು. ನನಗೆ ಆ ಕೋಣೆ ಹಿಡಿಸಿತು. ಮಾತು ಕಡಿಮೆಯಾಗುತ್ತ ಹೋದ ಮನೆಯಲ್ಲಿ ಬೆಳೆದವಳು ನಾನು. ಉಳಿದವರು ಮೌನವನ್ನು ಒಂದೇ ಎಂದುಕೊಳ್ಳುತ್ತಾರೆ. ನನಗೆ ಅದರ ಬೇರೆ ಬೇರೆ ಬಗೆಗಳು ಗೊತ್ತಿದ್ದವು. ಹೇಳಲು ಮನಸ್ಸಿಲ್ಲದವನ ಮೌನ ಬೇರೆ, ಹೇಳಲು ಏನೂ ಇಲ್ಲದವನದು ಬೇರೆ, ಹೇಳಬೇಕಾದದ್ದು ಎದುರಿಗಿದ್ದೂ ಕಾಣದವನದು ಬೇರೆ.

ಮೊದಲು ಹೋದದ್ದು ಚಿಪ್ಪು. ಅದಕ್ಕಿಂತ ಮೊದಲೂ ಹೋಗಿರಬಹುದು. ಕಂಪನಿಯವರು ಮೂಗಯ್ಯನಿಗೆ ಎಲ್ಲೆಲ್ಲಿನದೋ ಸಮುದ್ರಗಳ ಸಾವಿರಾರು ಹೆಸರು ಕಲಿಸಿದ್ದರು, ನಮ್ಮಲ್ಲಿಲ್ಲದ ಮೀನಿನ ಹೆಸರು ಹೋದರೆ ತಿಳಿಯುವುದು ಹೇಗೆ? ಆ ದಿನದ ಚಿತ್ರದಲ್ಲಿ ಕಾಲಿನ ತುಂಬ ಚಿಪ್ಪು ಗೊಂಚಲುಗೊಂಚಲಾಗಿ ಅಂಟಿತ್ತು. ಮೂಲೆಯಲ್ಲಿ ಮಾತಿಲ್ಲ. ನಾನು ಎಂಜಿನಿಯರ್ ಇನಾಮದಾರರನ್ನು ಕರೆದು ತೋರಿಸಿದೆ. ಅವರು ಬಯಲುಸೀಮೆಯವರು, ಕಡಲು ನೋಡಿದ್ದೇ ನೌಕರಿಗೆ ಬಂದ ಮೇಲೆ, ಸಿಟ್ಟಿಲ್ಲದ ಮನುಷ್ಯ. "ಏ, ಅಪ್‌ಡೇಟ್ ಮಾಡಬೇಕ್ರೀ ಅದನ್ನ" ಎಂದರು. ಅಪ್‌ಡೇಟ್ ಮಾಡಿದರು. ಮುಂದಿನ ಸಲ ಬಲೆಯ ತುಂಡು ಹೋಗಿತ್ತು, ಚಿಪ್ಪು ತಿರುಗಿ ಬಂದಿರಲಿಲ್ಲ. "ನಮ್ಮೂರಿನ ನೀರು ಸಾರ್" ಎಂದೆ. ಇನಾಮದಾರರು ನಕ್ಕು, "ಕುಮುದಾ, ನೀವು ಎಂ.ಎಸ್ಸಿ. ಮಾಡಿದವರು" ಎಂದರು. ಅಲ್ಲಿಗೆ ಮಾತು ನಿಂತಿತು. ಚಿಪ್ಪಿಗಾಗಿ ಯಾರೂ ಜಗಳವಾಡುವುದಿಲ್ಲ.

ಮಳೆಗಾಲಕ್ಕೆ ಮುಂಚಿನ ಕೊನೆಯ ಸುತ್ತಿನ ಚಿತ್ರ ನೋಡುತ್ತಿದ್ದೆ. ಮೂರನೆಯ ಕಾಲಿಗೆ ಅಡ್ಡಪಟ್ಟಿ ಬಂದು ಸೇರುವ ಬೆಸುಗೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು ಮೊದಲಿನಿಂದಲೂ ಇತ್ತು. ಅಪಾಯದ್ದಲ್ಲ, ಆದರೆ ಕಣ್ಣಿಟ್ಟಿರಬೇಕಾದದ್ದು. ಮೂಗಯ್ಯ ಪ್ರತಿ ಸಲ ಅಲ್ಲಿ ನಿಲ್ಲುತ್ತಿದ್ದ. ಮೂಗು ಒಳಗೆ ತೂರಿಸಿ, ದೀಪ ಓರೆ ಮಾಡಿ, ಆ ಮಾತು ಬರೆದು ಮುಂದೆ ಹೋಗುತ್ತಿದ್ದ. ಈ ಸಲ ನಿಲ್ಲಲಿಲ್ಲ. ಖಾಲಿ ಗೋಡೆಯನ್ನು ಹಾದು ಹೋಗುವ ಹಾಗೆ ಹಾದು ಹೋದ. ದೀಪ ಬೆಸುಗೆಯ ಅಂಚನ್ನು ಸವರಿ ದಾಟಿತು. ಆ ಅರೆಗಳಿಗೆಯಲ್ಲಿ ಕಂಡ ಕಪ್ಪು, ನೆರಳೋ ಬೇರೆ ಏನೋ ಎಂದು ಎಷ್ಟು ಸಲ ತಿರುಗಿಸಿ ನೋಡಿದರೂ ತಿಳಿಯಲಿಲ್ಲ. ಇಡೀ ಸುತ್ತಿನಲ್ಲಿ ಎಲ್ಲಿಯೂ ಬಿರುಕು ಎಂಬ ಮಾತಿಲ್ಲ. ಬಿರುಕು ಇಲ್ಲ ಎಂದಲ್ಲ. ಅದರ ಬಗ್ಗೆ ಅವನು ಏನೂ ಹೇಳಿರಲಿಲ್ಲ. ಕನ್ನಡಿಯ ಮುಂದೆ ನಿಂತ ಅಪ್ಪನ ಮುಖ ನನಗೆ ಆ ಪರದೆಯಲ್ಲಿ ಕಂಡಿತು.

ನನ್ನ ತಮ್ಮ ಉದಯ ಆಗ ಎಣ್ಣೆಕಟ್ಟೆಯ ಮೇಲೆ ಕ್ರೇನ್ ನಡೆಸುತ್ತಿದ್ದ. ನಾನು ಬಾಯಿ ಬಿಟ್ಟರೆ ಮುಂದೇನಾಗುತ್ತದೆ ಎಂದು ನನಗೆ ತಿಳಿದಿತ್ತು. ಯಂತ್ರಕ್ಕೆ ಕಾಣದ್ದನ್ನು ನೋಡಲು ಮನುಷ್ಯ ಇಳಿಯಬೇಕು. ಪುಟ್ಟಯ್ಯನಿಗೆ ಉಬ್ಬಸ ಹಿಡಿದಿತ್ತು, ಇನಾಸಣ್ಣ ಮೊಣಕಾಲು ನೋವಿಗೆ ಇಳಿಯುವುದು ಬಿಟ್ಟು ದೋಣಿ ಹಿಡಿದಿದ್ದ. ಮೂರನೆಯ ಕಾಲನ್ನು ಕೈಯಿಂದ ತಡವಿ ಗೊತ್ತಿದ್ದವನು, ಇನ್ನೂ ಇಳಿಯಬಲ್ಲವನು, ಅಪ್ಪ ಒಬ್ಬನೇ. ಬಾಯಿ ಬಿಡದಿದ್ದರೆ ಏನಾಗಬಹುದು ಎಂಬುದೂ ತಿಳಿದಿತ್ತು. ಮಧ್ಯಾಹ್ನದ ಊಟಕ್ಕೆ ಏಳದೆ ಕುಳಿತಿದ್ದೆ. ಕಿಟಕಿಯಾಚೆ ಕಡಲು ಮೋಡದ ಬಣ್ಣಕ್ಕೆ ತಿರುಗುತ್ತಿತ್ತು. ಸಂಜೆ ಕಚೇರಿ ಮುಚ್ಚುವ ಮೊದಲು ಇನಾಮದಾರರ ಮೇಜಿನ ಮುಂದೆ ಹೋಗಿ ನಿಂತು ಹೇಳಿದೆ.

ಅವರು ಈ ಸಲ ನಗಲಿಲ್ಲ. ಚಿತ್ರವನ್ನು ತಾವೇ ನೋಡಿದರು. ಹಳೆಯ ಚಿತ್ರ ತೆಗೆಸಿ ಮೂಗಯ್ಯ ಅಲ್ಲಿ ನಿಲ್ಲುತ್ತಿದ್ದುದನ್ನು ನೋಡಿದರು. "ಮುಖ್ಯ ಕಚೇರಿಗೆ ಅನುಮಾನ ಅಂತ ಹೇಳಿದ್ರ ಕಟ್ಟಿ ಖಾಲಿ ಮಾಡಸಂಗಿಲ್ಲವ್ವಾ. ಯಾರರೆ ಕಣ್ಣಾರೆ ನೋಡಿರಬೇಕು" ಎಂದರು. ಆಮೇಲೆ ಪರದೆ ಆರಿಸಿ, "ನಿಮ್ಮ ತಂದೀಗೆ ಕೇಳಲೇನು?" ಎಂದರು.

ನಮ್ಮಲ್ಲಿ ಒಂದು ಕಟ್ಟು ಇದೆ. ಮುಳುಗುಗಾರನ ಬೇರೆ ಯಾವ ಮಾತಿಗಾದರೂ ಮನೆಯವರು ಬಾಯಿ ಕೊಡಬಹುದು, ಇಳಿಯುವ ಮಾತಿಗೆ ಕೊಡುವ ಹಾಗಿಲ್ಲ. ಇಳಿಯುತ್ತೇನೆ ಎಂದಾಗಲಿ ಇಲ್ಲ ಎಂದಾಗಲಿ ಅವನ ಬಾಯಿಂದಲೇ ಬರಬೇಕು, ಕೊನೆಗೆ ಬಂದದ್ದೇ ನಿಲ್ಲಬೇಕು. ಇನಾಮದಾರರು ಜಗಲಿಯಲ್ಲಿ ಕುಳಿತು ಕೇಳಿದಾಗ ಅಮ್ಮ ಕೈಯಲ್ಲಿ ಮೀನಿನ ಕತ್ತಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಕೇಳಿದ್ದು ಒಂದೇ: "ಉದಯ ಮೇಲೆ ಉಂಟಾ ಈಗ?" ಹೌದು ಎಂದರು. "ಇಳಿತೇನೆ" ಎಂದ.

ಅವರು ಹೋದ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು. "ನೀನಾ ಹೇಳಿದ್ದು?"

"ಹೌದಮ್ಮ."

"ಹುಟ್ಟಿದಾಗಿಂದ ಕೇಳಿದ್ದಕ್ಕೂ ಬಾಯಿ ಬಿಡದವಳು. ಇದೊಂದು ಸಲ ಸುಮ್ಮನಿರ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

"ಉದಯ ಮೇಲೆ ಇದ್ದಾನಲ್ಲ."

"ಗೊತ್ತುಂಟು" ಎಂದಳು ಅಮ್ಮ. ಕತ್ತಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಗೊತ್ತಿದ್ದೇ ಬೈತಿದ್ದೇನೆ. ಬೈಲಿಕ್ಕೂ ಬಿಡುದಿಲ್ವಾ?"

ಅಪ್ಪ ಮಾತ್ರ ಹಗುರಾಗಿದ್ದ. "ನಿನ್ನ ಹೆಸರು ಹೋದ್ರೆ ಎಂತ ಮಾಡುದು ಗುಲಾಬೀ?" ಎಂದು ಅಮ್ಮನನ್ನು ರೇಗಿಸಿದ. "ಹೋದ್ರೆ ಹೋಯ್ತು, ಬೇರೆ ಹೂವಿನ ಹೆಸರಿಟ್ಟು ಕರೀರಿ" ಎಂದಳು ಅವಳು. ಆದರೆ ಆಮೇಲೆ ಒಲೆಯ ಮುಂದೆ ಕುಳಿತು ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದುದು ನನಗೆ ಕೇಳಿಸಿತು.

ಇಳಿಯುವವನ ಹಗ್ಗವನ್ನು ಮನೆಯವರೇ ಹಿಡಿಯಬೇಕು. ಉದಯ ಮೇಲಿದ್ದುದರಿಂದ ನಾನು ಹಿಡಿದೆ. ಇನಾಸಣ್ಣನ ದೋಣಿ ಮೂರನೆಯ ಕಾಲಿನ ನೆರಳಿನಲ್ಲಿ ನಿಂತಿತು. ಅಪ್ಪ ಕಾಲಿಗೆ ಗುಂಡು ಕಟ್ಟಿಕೊಂಡು, ಗಾಳಿಯ ಡಬ್ಬಿ ಬೆನ್ನಿಗೇರಿಸಿ, ಮೆಟ್ಟಿಲು ಇಳಿದು ಹೋಗುವವನ ಹಾಗೆ ನೀರಿಗೆ ಹೋದ. ಹಗ್ಗ ನನ್ನ ಅಂಗೈಯಲ್ಲಿ ಸರಸರ ಜಾರಿತು, ಆಮೇಲೆ ನಿಂತಿತು. ಮೇಲೆ ಕಬ್ಬಿಣದ ಊರಿನ ಯಂತ್ರಗಳು ಮೊರೆಯುತ್ತಿದ್ದವು. ಆ ಮೊರೆತ ಕಾಲಿನುದ್ದಕ್ಕೂ ಇಳಿದು ನೀರಿಗೆ ಹೋಗುತ್ತಿತ್ತು. ಯಾವ ಮಾತು ಈಗ ಅವನನ್ನು ಬಿಡುತ್ತಿರಬಹುದು ಎಂದು ನಾನು ಯೋಚಿಸಬಾರದೆಂದುಕೊಂಡೆ. ಬೇರೆ ಏನನ್ನೂ ಯೋಚಿಸಲು ಆಗಲಿಲ್ಲ.

ಮೇಲೆ ಬಂದ ಅಪ್ಪ ಮುಖವಾಡ ತೆಗೆದು, ಏದುಸಿರಿನ ನಡುವೆ ತೋರುಬೆರಳು ಎತ್ತಿ ತೋರಿಸಿದ. "ಇದು ಒಳಗೆ ಹೋಗ್ತದೆ. ಬಿರುಕಿನೊಳಗೆ. ಬೆರಳು ಪೂರ್ತಿ ಹೋಗ್ತದೆ." ದೋಣಿಯಲ್ಲಿದ್ದ ಇನಾಮದಾರರು ಅಲ್ಲಿಂದಲೇ ಮುಖ್ಯ ಕಚೇರಿಗೆ ಸುದ್ದಿ ಕಳಿಸಿದರು. ಅಂದೇ ಕಟ್ಟೆ ಖಾಲಿಯಾಯಿತು. ಸಂಜೆಯ ದೋಣಿಯಲ್ಲಿ ಉದಯ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಅಡುಗೆಮನೆಯವರು ಕೊಟ್ಟ ಹಸಿ ಕೋಳಿ ಹಿಡಿದುಕೊಂಡು ಬಂದು, "ಎಂತ ಗಲಾಟೆ ಮಾರಾಯ್ತಿ, ಊಟಕ್ಕೂ ಬಿಡ್ಲಿಲ್ಲ" ಎಂದ. ಅಮ್ಮ ಅವನ ಬೆನ್ನಿಗೆ ಒಂದು ಗುದ್ದಿ ಅಳಲು ತೊಡಗಿದಳು.

ಮರುದಿನ ಅಮ್ಮ ಮೊರ ಇಟ್ಟಳು. ಇಳಿದು ಬಂದವನ ಎದುರು ಮನೆಯ ಸಾಮಾನುಗಳನ್ನು ಮೊರದಲ್ಲಿ ತುಂಬಿ ತಂದು, ಒಂದೊಂದನ್ನೇ ಎತ್ತಿ ಇದೇನು ಎಂದು ಕೇಳುವುದು ಎಲ್ಲ ಮುಳುಗುಗಾರರ ಹೆಂಡತಿಯರೂ ಮಾಡುವ ಕೆಲಸ. ಎಲ್ಲಿ ಅವನ ಕಣ್ಣು ಜಾರುತ್ತದೋ ಅಲ್ಲಿ ದಾರ. ಸೌಟು ಎಂದ. ಬೀಗ ಎಂದ. ಒಣಮೆಣಸು, ಬಾಚಣಿಗೆ, ಸೀಗಡಿ. ಸಾಮಾನು ಮುಗಿದ ಮೇಲೆ ಅಮ್ಮ ಹೊರಗೆ ಕರೆದುಕೊಂಡು ಹೋಗಿ ಕಾಗೆ, ಬಾವಿ, ಮೋಡ ತೋರಿಸಿದಳು. ನೆರೆಯವರ ಹೆಸರು ಕೇಳಿದಳು. ವಾರಗಳನ್ನು ಹೇಳಿಸಿದಳು. ನನ್ನನ್ನು ಎದುರು ನಿಲ್ಲಿಸಿದಳು, ಉದಯನನ್ನು ನಿಲ್ಲಿಸಿದಳು. ಕೊನೆಗೆ ತಾನೇ ನಿಂತು, ಕೇಳಲಾರದೆ ಸುಮ್ಮನೆ ನೋಡಿದಳು. "ಗುಲಾಬಿ" ಎಂದ ಅಪ್ಪ. ಒಂದು ಮಾತೂ ಹೋಗಿರಲಿಲ್ಲ. ಹಿಂದೆಂದೂ ಹೀಗಾಗಿರಲಿಲ್ಲ. ಸಮುದ್ರ ಈ ಒಂದು ಸಲಕ್ಕೆ ಬಿಟ್ಟುಕೊಟ್ಟಿತು ಎಂದು ಊರವರು ಬಂದು ನೋಡಿ ಹೋದರು. ಇನಾಸಣ್ಣನ ಹೆಂಡತಿ, "ನಮ್ಮವರಿಗೆ ಬಾಗಿಲಾದ್ರೂ ಬಿಡ್ಬಹುದಿತ್ತು ಅಲ್ದಾ" ಎಂದು ಹೇಳಿ, ತಾನೇ ನಕ್ಕಳು.

ಊಟಕ್ಕೆ ಕುಳಿತಾಗ ಅಪ್ಪ ಬಡಿಸಿದ್ದನ್ನೆಲ್ಲ ತಿನ್ನುತ್ತಿದ್ದ. ಇನ್ನು ಸ್ವಲ್ಪ ಎಂದರೆ ಹೂಂ ಎನ್ನುತ್ತಿದ್ದ. ದಣಿದ ಮೈ, ಹಸಿವು ಇರಬಹುದು ಎಂದು ಅಮ್ಮ ಸಂತೋಷದಿಂದ ಬಡಿಸಿದಳು. ಒಂದು ದಿನ ಅವನು ಮೀಸೆ ಇಲ್ಲದೆ ಮನೆಗೆ ಬಂದ. ಪೇಟೆಗೆ ಹೋದವನನ್ನು ಕ್ಷೌರದವನು ಸುಮ್ಮನೆ ತಮಾಷೆಗೆ ಕರೆದು ಮೀಸೆ ತೆಗೆಯಲಾ ಎಂದು ಕೇಳಿದ್ದನಂತೆ. ನಾವು ನಕ್ಕೆವು. ಇನ್ನೊಂದು ದಿನ ಪುಟ್ಟಯ್ಯನ ಕುಂಟು ಆಡನ್ನು ದುಡ್ಡು ಕೊಟ್ಟು ಹೊಡೆದುಕೊಂಡು ಬಂದ. ಅಮ್ಮ ಅದನ್ನು ತಿರುಗಿ ಎಳೆದುಕೊಂಡು ಹೋಗಿ, "ನನ್ನ ಗಂಡನಿಗೆ ಕಣ್ಣಿಲ್ಲ ಅಂತ ಮಾಡಿದ್ದೀಯಾ?" ಎಂದು ಜಗಳಕ್ಕೆ ನಿಂತಳು. "ನಾನು ಬೇಕಾ ಅಂತ ಕೇಳಿದ್ದು ಅಕ್ಕಾ" ಎಂದ ಪುಟ್ಟಯ್ಯ. "ಅಣ್ಣ ಹೂಂ ಅಂದ. ನಂಗೇ ಆಶ್ಚರ್ಯ ಆಯ್ತು." ಆಗ ನಾನು ನಗಲಿಲ್ಲ.

ಅಮ್ಮ ಮೀನುಪೇಟೆಗೆ ಹೋದ ಹೊತ್ತಿನಲ್ಲಿ ಅಪ್ಪನಿಗೆ ಚಹ ಮಾಡಿ ಕೊಟ್ಟೆ. ಕುಡಿದ. ಇನ್ನೊಂದು ಲೋಟ ಕೊಡಲಾ ಎಂದೆ. ಹೂಂ ಎಂದ. ಕುಡಿದ. ಮತ್ತೊಂದು? ಹೂಂ. ಅವನ ಹೊಟ್ಟೆ ತುಂಬಿದ್ದು ಅವನ ಮುಖದಲ್ಲಿ ಕಾಣುತ್ತಿತ್ತು. ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಕುಡಿಯದೆ ಇರಲಾರದೆ ಕುಡಿಯುತ್ತಿದ್ದ. ಲೋಟ ಕಸಿದುಕೊಂಡು, "ಅಪ್ಪಾ, ಬೇಡ ಅಂತ ಹೇಳು" ಎಂದೆ. ಅವನು ನನ್ನ ತುಟಿಗಳನ್ನು ನೋಡಿದ. ದೂರದಲ್ಲಿ ಹಾದು ಹೋಗುವ ಗುರುತಿಲ್ಲದ ಹಡಗನ್ನು ನೋಡುವ ಹಾಗೆ ನೋಡಿದ. "ತಲೆ ಹೀಗೆ ಮಾಡು" ಎಂದು ಅಡ್ಡಡ್ಡ ಆಡಿಸಿ ತೋರಿಸಿದೆ. ಅವನೂ ಹಾಗೇ ಆಡಿಸಿದ, ಹೇಳಿದ್ದನ್ನು ಮಾಡುವ ಮಗುವಿನಂತೆ, ಅದರಲ್ಲಿ ಅರ್ಥವೇನೂ ಇರಲಿಲ್ಲ. "ನಿಂಗೆ ಎಂತ ಬೇಕು ಅಪ್ಪಾ?" ಎಂದು ಕೇಳಿದೆ. "ಎಲ್ಲ" ಎಂದ. ಆ ಮಾತಿನಲ್ಲಿ ಆಸೆ ಇರಲಿಲ್ಲ. ಬದಿಯೇ ಇಲ್ಲದ ಪಾತ್ರೆಯಲ್ಲಿ ನೀರು ಹರಡಿ ಹೋದ ಹಾಗಿತ್ತು.

ಅಪ್ಪ ಈ ಸಲ ಕೆಳಗೆ ಬಿಟ್ಟು ಬಂದದ್ದು ಬೇಡ ಎಂಬ ಮಾತನ್ನು ಎಂದು ಅಮ್ಮನಿಗೆ ಹೇಳಿದೆ. ಅವಳು ಬುಟ್ಟಿ ಇಳಿಸಿ ಹೊಸ್ತಿಲ ಮೇಲೆಯೇ ಕುಳಿತಳು. "ಯಾರಿಗೂ ಹೇಳ್ಬೇಡ" ಎಂದಳು. "ಹೂಂ ಅನ್ನುವ ಗಂಡಸು ಸಿಕ್ಕಿದ್ದಾನೆ ಅಂದ್ರೆ ಊರು ಅವನನ್ನು ಒಂದು ವಾರದಲ್ಲಿ ಮುಗಿಸ್ತದೆ." ಅಂದಿನಿಂದ ನಾವು ಮೂವರು ಅವನ ಸುತ್ತ ಬೇಲಿಯ ಹಾಗೆ ಇದ್ದೆವು. ಯಾರಾದರೂ ಅವನ ಕಡೆ ತಿರುಗಿ ಬಾಯಿ ತೆರೆದರೆ ಪ್ರಶ್ನೆ ಮುಗಿಯುವ ಮೊದಲೇ ನಮ್ಮಲ್ಲೊಬ್ಬರು ಉತ್ತರಿಸುತ್ತಿದ್ದೆವು. ಮನೆಯೊಳಗೂ ಪ್ರಶ್ನೆ ಕೇಳುವುದನ್ನು ಬಿಟ್ಟೆವು. ಅಮ್ಮ ಅವನ ಹೊಟ್ಟೆಯನ್ನು ತಾನೇ ಅಳೆದು ಬಡಿಸಿದಳು. ಮಲಗುವ ಹೊತ್ತು ನಾವೇ ತೀರ್ಮಾನಿಸಿದೆವು. ಪ್ರಶ್ನೆಯೇ ಇಲ್ಲದ ಮನೆಯಲ್ಲಿ ಇದ್ದ ನಿಶ್ಶಬ್ದ ನಾನು ಬಲ್ಲ ಯಾವ ಬಗೆಗೂ ಸೇರದ್ದು.

ಮಳೆಗಾಲ ಕಳೆಯಿತು. ಮೂರನೆಯ ಕಾಲಿಗೆ ಹೊಸ ಪಟ್ಟಿ ಬೆಸೆಯಲು ಹೊರಗಿನಿಂದ ಯಂತ್ರಗಳು ಬಂದವು. ಉಳಿದ ಕಾಲುಗಳ ಬೆಸುಗೆ ಹೇಗಿದೆ ಎಂದು ತಿಳಿಯದೆ ಜನರನ್ನು ಮೇಲೆ ಹತ್ತಿಸುವಂತಿರಲಿಲ್ಲ. ಮೂಗಯ್ಯನನ್ನು ಶಹರಕ್ಕೆ ಒಯ್ದು ಬಿರುಕಿನ ಚಿತ್ರಗಳನ್ನು ರಾಶಿ ರಾಶಿ ತೋರಿಸಿ ಕಲಿಸಿದರು. ಅಲ್ಲಿನ ತೊಟ್ಟಿಯ ನೀರಿನಲ್ಲಿ ಗುರುತಿಸುತ್ತಿದ್ದ. ನಮ್ಮ ಕಡಲಿಗೆ ಬಿಟ್ಟರೆ ಹಾದು ಹೋಗುತ್ತಿದ್ದ. ಒಮ್ಮೆ ಬಿಟ್ಟು ಬಂದದ್ದು ತಿರುಗಿ ಅಂಟುವುದಿಲ್ಲ, ಇದನ್ನು ಊರಿನ ಯಾರು ಬೇಕಾದರೂ ಅವರಿಗೆ ಹೇಳಬಹುದಿತ್ತು.

ಒಂದು ದಿನ ನಾನು ಕಚೇರಿಯಲ್ಲಿದ್ದೆ, ಅಮ್ಮ ಪೇಟೆಯಲ್ಲಿದ್ದಳು. ಉದಯ ಅಪ್ಪನ ಪಕ್ಕದಲ್ಲಿ ಬಲೆ ಕಟ್ಟುತ್ತಿದ್ದವನು ಬೀಡಿ ತರಲು ಎದ್ದು ಹೋಗಿದ್ದ. ಇನಾಮದಾರರು ಧಕ್ಕೆಯ ಚಹದಂಗಡಿಯಲ್ಲಿ, ನಾಲ್ಕು ಜನರ ಎದುರು, ಮತ್ತೆ ಇಳಿಯುತ್ತೀರಾ ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೂಂ ಎಂದ.

ಸುದ್ದಿ ತಿಳಿದು ನಾನು ಓಡಿಹೋಗಿ ಇನಾಮದಾರರಿಗೆ ಎಲ್ಲ ಹೇಳಿದೆ. ಅಮ್ಮನಿಗೆ ಕೊಟ್ಟ ಮಾತು ಮುರಿದೆ. ಅವರು ಗಮನವಿಟ್ಟು ಕೇಳಿದರು. ಅವರ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವರನ್ನೂ ಮುಖ್ಯ ಕಚೇರಿಯವರು ದಿನವೂ ಕೇಳುತ್ತಿದ್ದರು. "ನಂಬತೀನವ್ವಾ. ಈಗ ನಾ ಎಲ್ಲಾ ನಂಬತೀನಿ" ಎಂದರು. "ಆದ್ರ ಒಂದು ಹೇಳ್ರಿ. ಅಂವಗ ಬ್ಯಾಡ ಅನ್ನಾಕ ಬರೂದಿಲ್ಲ, ಖರೆ. ಅವನ ಮನಸಿನ್ಯಾಗ ಬ್ಯಾಡ ಅಂತ ಐತಿ ಅಂತ ನಿಮಗ ಹೆಂಗ ಗೊತ್ತು? ಹೋದ ಸಲ ತಾನಾಗೇ ಇಳದ. ಈ ಸಲಾನೂ ಇಳೀಬೇಕಂತನ ಐತೇನೋ."

"ಹೋದ ಸಲ ನನ್ನ ತಮ್ಮ ಮೇಲಿದ್ದ ಸಾರ್."

"ಈ ಸಲ ಬ್ಯಾರೆಯವರ ತಮ್ಮಂದಿರು ಹತ್ತತಾರಲ್ಲ."

ಕಾಲುಗಳು ಹಲವು, ಬೆಸುಗೆಗಳು ಅದಕ್ಕಿಂತ ಹೆಚ್ಚು. ಒಂದೊಂದು ಇಳಿತಕ್ಕೆ ಒಂದೊಂದು ಮಾತು. ಈ ಕೆಲಸ ಮುಗಿಯುವಾಗ ಅಪ್ಪನಲ್ಲಿ ಏನು ಉಳಿದಿರುತ್ತದೆ? ಊರ ಹಿರಿಯರ ಹತ್ತಿರ ಹೋದರೆ ಅವರು ತಲೆ ತಗ್ಗಿಸಿ ಕುಳಿತರು. ಪಾಪ ಅಂದರು. ಅವನ ಬಾಯಿಂದಲೇ ಬಂದದ್ದಲ್ಲವಾ ಅಂದರು. ಮಗಳು ಬಾಯಿ ಕೊಟ್ಟು ತಡೆದರೆ ನಾಳೆ ಹಣದಾಸೆಯ ಮಗನೊಬ್ಬ ಬಾಯಿ ಕೊಟ್ಟು ಇಳಿಸುತ್ತಾನೆ, ಕಟ್ಟು ಇರುವುದು ಅದಕ್ಕೇ ಅಂದರು. ಅದು ಸುಳ್ಳಲ್ಲ ಎಂದು ನನಗೂ ತಿಳಿದಿತ್ತು.

ಉದಯ ಹಗ್ಗ ಹಿಡಿಯುತ್ತೇನೆ ಎಂದ. ನಾನೇ ಹಿಡಿಯುತ್ತೇನೆ ಎಂದೆ. ಬಿಸಿಲಿದ್ದ ಬೆಳಗು. ಇನಾಸಣ್ಣ ದೋಣಿ ನಡೆಸುತ್ತಿದ್ದ, ಇನಾಮದಾರರು ಎದುರಿಗೆ ಕುಳಿತಿದ್ದರು. ಅಪ್ಪ ನಡುವೆ, ಮೀಸೆ ಅರ್ಧ ಬೆಳೆದ ಮುಖದಲ್ಲಿ, ಗುಂಡುಗಳನ್ನು ಕಾಲಿಗೆ ಕಟ್ಟಿಕೊಳ್ಳುತ್ತಿದ್ದ. ಎಣ್ಣೆಕಟ್ಟೆ ಹತ್ತಿರವಾಯಿತು. ಮೇಲೆ ಯಾರೂ ಇಲ್ಲದ್ದರಿಂದ ಮೊರೆತವಿರಲಿಲ್ಲ. ಕಾಲುಗಳಿಗೆ ನೀರು ಬಡಿಯುವ ಸದ್ದು ಮಾತ್ರ. ಇನಾಸಣ್ಣ ಎಂಜಿನ್ ನಿಲ್ಲಿಸಿದ. ಅಪ್ಪ ಎದ್ದು ನಿಂತು ನನ್ನ ಕೈಗೆ ಹಗ್ಗದ ತುದಿ ಕೊಟ್ಟ. ಅದನ್ನು ಹಿಡಿದುಕೊಂಡಾಗ ನನಗೆ ಒಂದು ಉಪಾಯ ಹೊಳೆಯಿತು. ಹೊಳೆದದ್ದಕ್ಕೆ ಹೇಸಿಗೆಯೂ ಆಯಿತು.

"ಅಪ್ಪಾ" ಎಂದೆ. "ಮನೆಗೆ ಹೋಗುವಾ?"

ಅವನು ನನ್ನನ್ನು ನೋಡಿದ. "ಹೂಂ" ಎಂದ.

ಇನಾಸಣ್ಣ ತಿರುಗಿ ನೋಡಿದ. ಇನಾಮದಾರರು ಅರ್ಧ ಎದ್ದರು. "ಮಾಸ್ತಪ್ಪಾ, ಇಳೀತೀರಲ್ಲಾ?"

"ಹೂಂ."

"ಅಪ್ಪಾ, ಮನೆಗೆ. ಹೋಗುವಾ?"

"ಹೂಂ."

"ಮಾಸ್ತಪ್ಪಾ, ಇಷ್ಟು ದೂರ ಬಂದೀವಿ. ಇಳೀತೀರಿಲ್ಲೋ?"

"ಹೂಂ."

"ಅಪ್ಪಾ."

ಅಪ್ಪನ ತಲೆ ಅತ್ತಿಂದಿತ್ತ ತಿರುಗುತ್ತಿತ್ತು. ಪ್ರತಿ ಸಲ ಹೂಂ ಎನ್ನುವಾಗಲೂ ಅವನು ಮನಸ್ಸಿಟ್ಟೇ ಹೇಳುತ್ತಿದ್ದ. ಒಂದು ಕಾಲು ದೋಣಿಯ ಅಂಚಿನ ಮೇಲಿತ್ತು, ಇನ್ನೊಂದು ಒಳಗಿತ್ತು, ಎರಡಕ್ಕೂ ಗುಂಡು ಕಟ್ಟಿತ್ತು. ಅವನ ಹಣೆಯಲ್ಲಿ ಬೆವರೊಡೆಯಿತು. ಕೇಳುವವರಿಬ್ಬರನ್ನೂ ಮೆಚ್ಚಿಸಲಾರದೆ ಅವನ ತುಟಿ ನಡುಗಲು ತೊಡಗಿತು. ಇನಾಮದಾರರು ಮತ್ತೊಮ್ಮೆ ಬಾಯಿ ತೆರೆದರು. ಅಪ್ಪನ ಮುಖ ನೋಡಿದರು. ಅವರು ಕುಳಿತು ಎರಡೂ ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ನೀರು ನೋಡತೊಡಗಿದರು.

"ಮನೆಗೆ ಹೋಗುವಾ ಅಪ್ಪಾ?" ಎಂದೆ ನಾನು, ಕೊನೆಯ ಸಲ.

"ಹೂಂ" ಎಂದ ಅಪ್ಪ.

"ಬಾಯಿಂದ ಬಂದಾಯ್ತು" ಎಂದ ಇನಾಸಣ್ಣ, ಯಾರನ್ನೂ ನೋಡದೆ. ಎಂಜಿನ್ ಶುರು ಮಾಡಿ ದೋಣಿ ತಿರುಗಿಸಿದ.

ನಾನು ಬಗ್ಗಿ ಅಪ್ಪನ ಕಾಲಿನ ಗುಂಡುಗಳನ್ನು ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಅವನೇ ಹಾಕಿದ್ದು. ಬಿಚ್ಚುವಾಗ ಅವನು ಕಾಲು ಎಳೆದುಕೊಳ್ಳಲಿಲ್ಲ, ಮುಂದಕ್ಕೆ ಚಾಚಲೂ ಇಲ್ಲ. ಸುಮ್ಮನೆ ಕೊಟ್ಟುಕೊಂಡಿದ್ದ. ಕಟ್ಟೆಯನ್ನು ಬೇರೆ ಊರಿನ ಮುಳುಗುಗಾರರು ನೋಡುತ್ತಾರೋ, ಅದು ಹಾಗೇ ಖಾಲಿ ನಿಂತು ಒಂದು ದಿನ ಕುಸಿಯುತ್ತದೋ, ನನಗೆ ಆಗ ಅದರ ಚಿಂತೆ ಇರಲಿಲ್ಲ. ಅಪ್ಪ ದೋಣಿಯ ಹಿಂಬದಿಗೆ ಮುಖ ಮಾಡಿ ಕುಳಿತಿದ್ದ. ಹಿಂದೆ ಸರಿಯುತ್ತಿದ್ದ ಕಾಲುಗಳನ್ನು, ಅವು ನೀರಿಗೆ ಇಳಿಯುವ ಜಾಗವನ್ನು, ಕಣ್ಣು ಕೀಳದೆ ನೋಡುತ್ತಿದ್ದ. ಬಿಡುಗಡೆಯಾದವನು ನೋಡುವ ಹಾಗಿತ್ತೆ? ಮುಗಿಸಬೇಕಾದ ಕೆಲಸ ಬಿಟ್ಟು ಬಂದವನು ನೋಡುವ ಹಾಗಿತ್ತೆ? ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಅವನ ಮುಖ ನೋಡಿದೆ. ಕೇಳಿದ್ದರೆ ಉತ್ತರ ಬರುತ್ತಿತ್ತು. ಯಾವ ಉತ್ತರ ಎಂಬುದೂ ನನಗೆ ಗೊತ್ತಿತ್ತು. ದಡ ಮುಟ್ಟುವವರೆಗೆ ನಾನು ಏನೂ ಕೇಳಲಿಲ್ಲ.